ಸಾಲೋಟಗಿಯ ಐದು ನಾಣ್ಯ, ಸೆಮಿನಾರಿನ ಹತ್ತು ನಿಮಿಷ

ನಮ್ಮ ಕಡೆ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಹೆಸರು ಹಚ್ಚಿದ ಹುಡುಗನೋ ಹುಡುಗಿಯೋ ಸೆಮಿನಾರಿಗೆ ಹೊರಟರೆ ಮನೆಯವರು ಕೇಳುವುದು ಒಂದೇ ಮಾತು: “ಅಲ್ಲಿ ಏನ್ ಕೊಡ್ತಾರ?” ಕೊಡುವುದು ಒಂದು ಬ್ಯಾಗು, ಒಂದು ಪೆನ್ನು, ಎರಡು ಹೊತ್ತಿನ ಊಟ, ಕೊನೆಗೆ ಒಂದು ಸರ್ಟಿಫಿಕೇಟ್. ಬಸ್ಸಿನ ಖರ್ಚು ಬಹಳ ಸಲ ಕೈಯಿಂದಲೇ. ನೋಂದಣಿ ಶುಲ್ಕವೂ ಕೈಯಿಂದಲೇ. ಇಷ್ಟಕ್ಕೆ ಎರಡು ದಿನ ಯಾಕೆ ಹಾಳು ಮಾಡಬೇಕು ಎನ್ನುವುದು ಮನೆಯವರ ಲೆಕ್ಕ. ಆ ಲೆಕ್ಕ ತಪ್ಪೆಂದು ಹೇಳುವುದು ಸುಲಭವಲ್ಲ.

ಆದರೆ ಆ ಹುಡುಗಿ ಬ್ಯಾಗಿನಲ್ಲಿ ಒಯ್ಯುತ್ತಿರುವುದು ಏನು ನೋಡಿ. ಎಂಟುನೂರು ವರ್ಷದ ಹಿಂದೆ ನಮ್ಮ ಊರಿನ ಸುತ್ತ ಯಾರು ಆಳಿದರು, ಯಾವ ಹೊಲ ಯಾವ ಗುಡಿಗೆ ಹೋಯಿತು, ಯಾವ ಕೆರೆಗೆ ಯಾರು ದುಡ್ಡು ಕೊಟ್ಟರು ಎನ್ನುವ ಸುದ್ದಿ ಆ ಐದಾರು ಪುಟದ ಪ್ರಬಂಧದಲ್ಲಿರುತ್ತದೆ. ಅದನ್ನು ಓದಲು ಅವಳಿಗೆ ಸಿಗುವುದು ಹತ್ತು ನಿಮಿಷ. ಉದ್ಘಾಟನೆಯ ಭಾಷಣ ಉದ್ದವಾದರೆ ಏಳೇ ನಿಮಿಷ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಊಟಕ್ಕೆ ಕರೆಯುತ್ತಾರೆ, ಪ್ರಶ್ನೆ ಕೇಳುವ ಹೊತ್ತು ಸಾರಿನ ವಾಸನೆಯಲ್ಲಿ ಕರಗಿಹೋಗುತ್ತದೆ.

ಮಧ್ಯಯುಗದ ಇತಿಹಾಸ ಕಲಿಯುವ ವಿದ್ಯಾರ್ಥಿಗಳು ಹೀಗೆ ಒಂದು ಕಡೆ ಸೇರುವ ರೂಢಿ ಎಲ್ಲಿಂದ ಬಂತು, ನಮ್ಮ ಗಡಿಭಾಗಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಧ್ಯಯುಗ ಎಂದರೆ ಯಾವ ಕಾಲ? ಶಾಲೆಯ ಪುಸ್ತಕದಲ್ಲಿ 1206 ಎಂದು ಕಲಿತಿದ್ದೇವೆ. ಆ ವರ್ಷ ದೆಹಲಿಯಲ್ಲಿ ಕುತ್ಬುದ್ದೀನ್ ಐಬಕ್ ಆಡಳಿತ ಶುರುವಾಯಿತು. ಸರಿ, ಆದರೆ ಆ ವರ್ಷ ನಮ್ಮ ಕಡೆ ಏನಿತ್ತು? ಪಶ್ಚಿಮಕ್ಕೆ ಕೊಲ್ಲಾಪುರ, ಪನ್ಹಾಳದ ಕಡೆ ಶಿಲಾಹಾರರ ಇಮ್ಮಡಿ ಭೋಜ ಇದ್ದ. ಇತ್ತ ಬೆಳಗಾವಿಯಲ್ಲಿ, ಆಗಿನ ವೇಣುಗ್ರಾಮದಲ್ಲಿ, ರಟ್ಟರ ನಾಲ್ಕನೇ ಕಾರ್ತವೀರ್ಯ ಇದ್ದ. ಉತ್ತರದಿಂದ ದೇವಗಿರಿಯ ಸೇವುಣರು ಇಬ್ಬರ ಮೇಲೂ ಕಣ್ಣಿಟ್ಟಿದ್ದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಇವೆಲ್ಲ ಈ ಮೂವರ ನಡುವಿನ ನೆಲ. ದೆಹಲಿಯ ತಾರೀಖಿನಿಂದ ನಮ್ಮ ಕಾಲವನ್ನು ಅಳೆಯುವುದು ನಿಪ್ಪಾಣಿಯ ತಂಬಾಕನ್ನು ದೆಹಲಿಯ ತಕ್ಕಡಿಯಲ್ಲಿ ತೂಗಿದ ಹಾಗೆ. ಕರ್ನಾಟಕದ ಬಹಳಷ್ಟು ವಿದ್ವಾಂಸರು ಕಲ್ಯಾಣದ ಚಾಲುಕ್ಯರು ಎದ್ದು ನಿಂತ 973ರ ಆಸುಪಾಸಿನಿಂದ, ಕೆಲವರು ಅದಕ್ಕೂ ಹಿಂದಿನಿಂದ ಲೆಕ್ಕ ಹಿಡಿಯುತ್ತಾರೆ. ನಾನೂ ಆ ಲೆಕ್ಕವನ್ನೇ ಹಿಡಿದಿದ್ದೇನೆ.

ಈಗ 945ಕ್ಕೆ ಹೋಗೋಣ. ಜಾಗ ಸಾಲೋಟಗಿ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಎಂಬವನು ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು, ಅವರಿಗೆ 27 ಮನೆಗಳಿದ್ದವು ಎಂದು ಅಲ್ಲಿನ ಕಂಬದ ಶಾಸನ ಹೇಳುತ್ತದೆ. ದೀಪದ ಎಣ್ಣೆಗೆಂದೇ ಬೇರೆ ಭೂಮಿ. ಮುಖ್ಯ ಗುರುವಿಗೆ ಬೇರೆ ಭೂಮಿ. ಇವೆಲ್ಲ ರಾಜನ ಕಡೆಯ ದಾನ, ಇಂಥದ್ದು ಬೇರೆ ಕಡೆಯೂ ಸಿಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಾಲು. ಊರಲ್ಲಿ ಮದುವೆಯಾದರೆ ಆ ಮನೆಯವರು ಶಾಲೆಗೆ ಐದು ನಾಣ್ಯ ಕೊಡಬೇಕು. ಉಪನಯನವಾದರೆ ಅದರ ಅರ್ಧ. ಊರಲ್ಲಿ ಊಟ ಹಾಕಿಸುವ ಕಾರ್ಯವಿದ್ದರೆ ಶಾಲೆಯವರನ್ನು ಆದಷ್ಟು ಮಂದಿ ಕರೆಯಬೇಕು. ಅಂದರೆ ದೂರದಿಂದ ಬಂದ ಓದುವ ಹುಡುಗರ ಹೊಟ್ಟೆಯ ಭಾರವನ್ನು ಊರಿನ ಪ್ರತಿ ಮನೆಯೂ ತನ್ನ ಸಂಭ್ರಮದ ದಿನ ಒಂದಿಷ್ಟು ಹೊತ್ತುಕೊಳ್ಳುತ್ತಿತ್ತು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಸ್ಕಾಲರ್‌ಶಿಪ್ ಬರುತ್ತಿದ್ದುದು ಮದುವೆ ಚಪ್ಪರದಿಂದ.

ಇನ್ನೊಂದು ಜಾಗ ಕಲಬುರಗಿ ಜಿಲ್ಲೆ ಚಿತ್ತಾಪುರದ ಹತ್ತಿರದ ನಾಗಾವಿ. ಅಲ್ಲಿನ 1058ರ ಶಾಸನದಲ್ಲಿ ಘಟಿಕಾಸ್ಥಾನದ ವಿವರ ಇದೆ. ಘಟಿಕಾಸ್ಥಾನ ಎಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಬೇರೆ, ಮೇಲೆ ಆರು ಜನ ಸರಸ್ವತೀ ಭಂಡಾರಿಗರು. ಭಂಡಾರಿಗರೆಂದರೆ ಓಲೆಗರಿಯ ಪುಸ್ತಕ ಕಾಯುವವರು. ಈಗ ಎಷ್ಟು ಕಾಲೇಜುಗಳಲ್ಲಿ ಒಬ್ಬ ಕಾಯಂ ಗ್ರಂಥಪಾಲಕ ಇದ್ದಾನೆ ಎಂದು ನಿಮ್ಮ ತಾಲ್ಲೂಕಿನಲ್ಲಿ ಎಣಿಸಿ ನೋಡಿ.

ಇದನ್ನು ಓದಿ ಹಳೆಯ ಕಾಲವೇ ಚಂದ ಅಂದುಕೊಳ್ಳಬೇಡಿ. ಸಾಲೋಟಗಿಯ ಬಾಗಿಲಾಗಲಿ ನಾಗಾವಿಯ ಬಾಗಿಲಾಗಲಿ ಎಲ್ಲರಿಗೂ ತೆರೆದಿರಲಿಲ್ಲ. ಹೊಲ ಉತ್ತವನ ಮಗ, ಕಲ್ಲು ಕೆತ್ತಿದವನ ಮಗಳು ಅಲ್ಲಿ ಕೂತು ಓದಿದ ದಾಖಲೆ ಇಲ್ಲ. ಆ ಕಲ್ಲುಗಳ ಮೇಲೆ ಪ್ರಬಂಧ ಬರೆಯುತ್ತಿರುವವರು ಇವತ್ತು ಹೆಚ್ಚಾಗಿ ಆ ಮನೆಗಳ ಮಕ್ಕಳೇ. ಇದು ಸಣ್ಣ ಮಾತಲ್ಲ.

ನಮ್ಮ ಹತ್ತಿರಕ್ಕೆ ಬಂದರೆ ವಿದ್ಯೆಯ ದಾರಿ ಬಸದಿಗಳ ಮೂಲಕ ಹೋಗುತ್ತದೆ. 12ನೇ ಶತಮಾನದ ಕೊಲ್ಲಾಪುರದಲ್ಲಿ ರೂಪನಾರಾಯಣ ಬಸದಿ ಎಂಬುದಿತ್ತು. ಅಲ್ಲಿ ಮಾಘನಂದಿ ಸಿದ್ಧಾಂತದೇವ ಎಂಬ ಜೈನ ಗುರು ಇದ್ದ. ಅವನ ಶಿಷ್ಯರ ಹೆಸರುಗಳು ಕೊಲ್ಲಾಪುರ ಸೀಮೆಯ ಶಾಸನಗಳಲ್ಲಿ ಸಿಗುತ್ತವೆ. ಅವನ ಹೆಸರು ಶ್ರವಣಬೆಳಗೊಳದಲ್ಲಿ ಸಿಗುತ್ತದೆ, ಇತ್ತ ತೇರದಾಳದ ಗೊಂಕ ಕಟ್ಟಿಸಿದ ಜಿನಾಲಯದ ಶಾಸನದಲ್ಲೂ ಸಿಗುತ್ತದೆ. ಕೊಲ್ಲಾಪುರದಿಂದ ತೇರದಾಳಕ್ಕೆ ಆಗ ಬಸ್ಸು ಇರಲಿಲ್ಲ. ನಕಾಶೆ ಬಿಡಿಸಿ ಎರಡು ಊರಿನ ನಡುವೆ ಗೆರೆ ಎಳೆದರೆ ಅದು ನಮ್ಮ ಸೀಮೆಯ ಮೇಲೇ ಹಾಯುತ್ತದೆ. ದೂಧಗಂಗೆ, ಕೃಷ್ಣೆ ದಾಟಿಕೊಂಡು ನಡೆದು ಹೋದ ಗುರುಶಿಷ್ಯರನ್ನು ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ದಿಗಂಬರ ಮುನಿಗಳು ಇವತ್ತಿಗೂ ಹಾಗೇ ನಡೆದು ನಮ್ಮ ಊರುಗಳ ಮೇಲೆ ಹೋಗುತ್ತಾರೆ.

ಇನ್ನೊಂದು. ಕೊಲ್ಲಾಪುರ ಜಿಲ್ಲೆಯ ಆಜರಾ ಊರು ಗೊತ್ತಲ್ಲ, ಗಡಹಿಂಗ್ಲಜ ಕಡೆಯದು. ಅಲ್ಲಿನ ತ್ರಿಭುವನತಿಲಕ ಜಿನಾಲಯದಲ್ಲಿ ಕೂತು ಸೋಮದೇವ ಎಂಬ ಮುನಿ 1205ರಲ್ಲಿ ಶಬ್ದಾರ್ಣವಚಂದ್ರಿಕೆ ಎಂಬ ವ್ಯಾಕರಣದ ಪುಸ್ತಕ ಬರೆದ. ಆಗ ಇಮ್ಮಡಿ ಭೋಜನ ಆಡಳಿತ. ಅದರ ಹಿಂದಿನ ವರ್ಷ, 1204ರಲ್ಲಿ, ಬೆಳಗಾವಿಯ ರಟ್ಟ ಜಿನಾಲಯಕ್ಕೆ ಕಾರ್ತವೀರ್ಯ ದಾನ ಕೊಟ್ಟ ಶಾಸನ ಕಲ್ಲಿನ ಮೇಲೆ ಬಂತು. ಏಳೆಂಟು ವರ್ಷ ಕಳೆಯುವಷ್ಟರಲ್ಲಿ ಸೇವುಣರ ಸಿಂಘಣ ಭೋಜನನ್ನು ಸೋಲಿಸಿದ. ಖಿದ್ರಾಪುರದ ಕೊಪ್ಪೇಶ್ವರ ಗುಡಿಗೆ ಹೋದವರಿಗೆ ದಕ್ಷಿಣದ ಬಾಗಿಲ ಹತ್ತಿರ ಸಿಂಘಣನ ನಾಗರಿ ಲಿಪಿಯ ಸಂಸ್ಕೃತ ಶಾಸನ ಕಾಣುತ್ತದೆ, ಕಾಲ ಶಕ 1136, ಅಂದರೆ 1214ರ ಸುಮಾರು. ಅದೇ ಗುಡಿಯಲ್ಲಿ ಕನ್ನಡದ ಬರಹಗಳೂ ಇವೆ. ಶ್ರಾವಣ ಸೋಮವಾರ ನಮ್ಮವರು ಹೋಗುತ್ತಾರೆ, ಸ್ವರ್ಗಮಂಟಪದ ತೆರೆದ ಸೂರಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಬರಹದ ಕಡೆ ಯಾರೂ ತಿರುಗುವುದಿಲ್ಲ. ತಿರುಗಿದರೂ ಓದಲು ಬರುವುದಿಲ್ಲ, ಅದು ಅವರ ತಪ್ಪಲ್ಲ.

ಓದುವ ವಿದ್ಯೆ ನಡುವೆ ಹರಿದುಹೋಯಿತು. ಹಳಗನ್ನಡದ ಲಿಪಿ ಊರಿನವರಿಗೆ ಗುಪ್ತ ನಿಧಿಯ ಗುರುತಾಗಿ ಕಾಣತೊಡಗಿತು. ನಿಧಿ ಇದೆ ಎಂದು ಕಲ್ಲು ಕಿತ್ತು ಅಗೆದ ಕತೆ ಯಾವ ತಾಲ್ಲೂಕಿನಲ್ಲಿ ಇಲ್ಲ?

ಮತ್ತೆ ಓದು ಶುರುವಾದದ್ದು ಒಂದು ವಿಚಿತ್ರ ದಾರಿಯಲ್ಲಿ. 1824ರ ಕಿತ್ತೂರು ಯುದ್ಧ ಎಲ್ಲರಿಗೂ ಗೊತ್ತು, ಥ್ಯಾಕರೆ ಸತ್ತದ್ದೂ ಗೊತ್ತು. ಆಗ ಕಿತ್ತೂರಿನವರ ಕೈಯಲ್ಲಿ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಇಪ್ಪತ್ತೊಂದು ವರ್ಷದ ಹುಡುಗ. ಚನ್ನಮ್ಮನ ಕಡೆಯವರು ಅವನನ್ನು ಕೊಲ್ಲಲಿಲ್ಲ. ಬದುಕಿದ ಆ ಹುಡುಗ ಮುಂದೆ ಕನ್ನಡ ಸೀಮೆಯ ಕಲ್ಲು, ತಾಮ್ರಪಟಗಳ ಪ್ರತಿ ಮಾಡಿಸುತ್ತ ಹೋದ. ಒಟ್ಟು 595 ಶಾಸನಗಳ ಕೈಬರಹದ ಸಂಗ್ರಹವಾಯಿತು. 1830ರ ದಶಕದಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಪ್ರಬಂಧ ಬಂತು. ಚಾಲುಕ್ಯರ ರಾಜರ ಸಾಲು ಮೊದಲ ಸಲ ಒಂದು ಕ್ರಮಕ್ಕೆ ಬಂದದ್ದು ಹಾಗೆ. ಊರೂರು ತಿರುಗಿ ಕಲ್ಲಿನ ಮುಂದೆ ಕೂತು ನಕಲು ಬರೆದವರು ಅವನ ಕೈಕೆಳಗಿನ ಇಲ್ಲಿನ ಪಂಡಿತರು. ಪ್ರಬಂಧದ ಮೇಲೆ ಇದ್ದದ್ದು ಸಾಹೇಬನ ಹೆಸರು.

ಅವನ ನಂತರ ಜಾನ್ ಫ್ಲೀಟ್. ಮುಂಬಯಿ ಪ್ರಾಂತ್ಯದ ಅಧಿಕಾರಿ, 1883ರಲ್ಲಿ ಭಾರತ ಸರ್ಕಾರದ ಮೊದಲ ಶಾಸನತಜ್ಞನಾದವನು. ಸವದತ್ತಿ, ಬೆಳಗಾವಿಯ ರಟ್ಟರ ಶಾಸನಗಳನ್ನು ಮೊದಲು ಒಟ್ಟಾಗಿ ಓದಿ ಅಚ್ಚು ಹಾಕಿಸಿದ್ದು ಅವನೇ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬರೆದುಕೊಂಡು ಅಚ್ಚು ಹಾಕಿಸಿದ. ತನ್ನದೇ ಸರ್ಕಾರ ಗಲ್ಲಿಗೆ ಹಾಕಿದವನ ಹಾಡು ಅದು ಎಂಬುದನ್ನು ನೆನಪಿಡಬೇಕು.

ಆದರೆ ಈ ಸಾಲಿನಲ್ಲಿ ನನಗೆ ಹೆಚ್ಚು ಹಿಡಿಸುವ ಮನುಷ್ಯ ಕಾಶಿನಾಥ ಬಾಪು ಪಾಠಕ. ಬೆಳಗಾವಿಯಲ್ಲಿ ಶಾಲಾ ಮಾಸ್ತರರಾಗಿದ್ದವರು, ಮುಂದೆ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. ತೇರದಾಳದ ಶಾಸನ 1885ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚಾದಾಗ ಅದರ ಓದಿಗೆ ಅವರ ಹೆಸರಿತ್ತು. ಮಾಸ್ತರಿಕೆ ಮಾಡುತ್ತಲೇ ಸುತ್ತಲಿನ ಕಲ್ಲು ಓದಿ ದೇಶವಿದೇಶದ ವಿದ್ವಾಂಸರ ನಡುವೆ ಮಾತು ಗಳಿಸಿದರು. ನಮ್ಮ ಜಿಲ್ಲೆಯ ಸಂಶೋಧನಾ ವಿದ್ಯಾರ್ಥಿಗಳಿಗೆ ಹಿರಿಯಣ್ಣ ಬೇಕಾದರೆ ಇವರಿಗಿಂತ ಬೇರೆ ಹುಡುಕಬೇಕಿಲ್ಲ.

ಮೇಲೆ ಹೇಳಿದ 1204ರ ಬೆಳಗಾವಿ ಶಾಸನದ ಎರಡು ಕಲ್ಲುಗಳು ಈಗ ಎಲ್ಲಿವೆ? ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಅಲ್ಲಿಯ ಲಯೊನೆಲ್ ಬಾರ್ನೆಟ್ ಎಂಬ ವಿದ್ವಾಂಸ ಅವನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ. ಓದು ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಒಂದು ಶಾಸನದಲ್ಲಿ ಕುಂದಿ ಮೂರುಸಾವಿರ ನಾಡಿನ ಉಂಬರವಾಣಿ ಎಂಬ ಊರನ್ನು ಬಸದಿಗೆ ಬಿಟ್ಟುಕೊಟ್ಟ ಮಾತು ಬರುತ್ತದೆ. ಹೆಸರು ಕೇಳಿದ ಕೂಡಲೇ ನನಗೆ ಚಿಕ್ಕೋಡಿಯ ಉಮರಾಣಿ ನೆನಪಾಯಿತು. ಅದೇ ಇದು ಎಂದು ನಾನು ಹೇಳುವುದಿಲ್ಲ, ಹೆಸರಿನ ಹೋಲಿಕೆಯಿಂದಲೇ ಇತಿಹಾಸ ಬರೆಯಬಾರದು. ಆದರೆ ಈ ಪ್ರಶ್ನೆಯನ್ನು ಲಂಡನ್ನಿನಲ್ಲಿ ಕೂತು ಬಿಡಿಸುವುದಕ್ಕೂ ಉಮರಾಣಿಯ ಕಟ್ಟೆಯ ಮೇಲೆ ಕೂತು ಬಿಡಿಸುವುದಕ್ಕೂ ಫರಕು ಇದೆ.

ಯಾಕೆಂದರೆ ದಾನಶಾಸನದಲ್ಲಿ ರಾಜನ ಹೊಗಳಿಕೆ ಮುಗಿದ ಮೇಲೆ ಸೀಮೆಯ ವಿವರ ಬರುತ್ತದೆ. ಮೂಡಣಕ್ಕೆ ಇಂಥ ಹಳ್ಳ, ತೆಂಕಣಕ್ಕೆ ಇಂಥ ಕೆರೆ, ಪಡುವಣಕ್ಕೆ ನೆಟ್ಟ ಕಲ್ಲು, ಬಡಗಣಕ್ಕೆ ಇಂಥ ಊರಿಗೆ ಹೋಗುವ ದಾರಿ. ಸೆಮಿನಾರ್ ಹಾಲ್‌ನಲ್ಲಿ ಕೂತ ಪ್ರಾಧ್ಯಾಪಕರು ರಾಜನ ವಂಶಾವಳಿಯಲ್ಲಿ ತಪ್ಪಿದ್ದರೆ ಹಿಡಿಯುತ್ತಾರೆ. ಹಳ್ಳದ ಹೆಸರಿನಲ್ಲಿ ತಪ್ಪಿದ್ದರೆ ಅವರಿಂದ ಹಿಡಿಯಲು ಆಗುವುದಿಲ್ಲ. ಅದನ್ನು ಹಿಡಿಯುವವರು ಅದೇ ಹಳ್ಳದ ದಂಡೆಯಲ್ಲಿ ಅರವತ್ತು ವರ್ಷ ದನ ಮೇಯಿಸಿದ ಅಜ್ಜ, ಕಳೆ ತೆಗೆದ ಆಯಿ. ಆ ಪ್ರಬಂಧದ ನಿಜವಾದ ಪರೀಕ್ಷಕರು ಅವರು. ಅವರನ್ನು ಯಾರೂ ಕೇಳುವುದಿಲ್ಲ.

ಇಲ್ಲಿಂದ ಧಾರವಾಡಕ್ಕೆ ಬರಬೇಕು, ಏಕೆಂದರೆ ಕನ್ನಡದಲ್ಲಿ ಕೂಡಿ ಕುಳಿತು ಇತಿಹಾಸ ಮಾತಾಡುವ ಚಟ ಹತ್ತಿದ್ದು ಅಲ್ಲಿ. ಆಲೂರು ವೆಂಕಟರಾಯರು 1914ರಲ್ಲಿ ಕರ್ನಾಟಕ ಇತಿಹಾಸ ಮಂಡಲ ಕಟ್ಟಿದರು. 1917ರಲ್ಲಿ ಅವರ ಕರ್ನಾಟಕ ಗತವೈಭವ ಬಂತು. ಮುಂಬಯಿ ಪ್ರಾಂತ್ಯ, ಹೈದರಾಬಾದ್, ಮೈಸೂರು, ಮದ್ರಾಸ್ ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಮಧ್ಯಯುಗದ ರಾಜ್ಯಗಳ ನೆನಪೇ ಒಗ್ಗಟ್ಟಿನ ದಾರ ಆಯಿತು. 1936ರಲ್ಲಿ ವಿಜಯನಗರಕ್ಕೆ ಆರುನೂರು ವರ್ಷ ತುಂಬಿದ ನೆನಪಿಗೆ ದೊಡ್ಡ ಸ್ಮಾರಕ ಸಂಪುಟ ಹೊರಬಂದದ್ದೂ ಧಾರವಾಡದಿಂದಲೇ. 1939ರಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಆಯಿತು, ಆರ್.ಎಸ್. ಪಂಚಮುಖಿ ಅದರ ಮೊದಲ ನಿರ್ದೇಶಕರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ. ಅತ್ತ ಪುಣೆಯಲ್ಲಿ 1935ರಲ್ಲಿ ಶುರುವಾದ ಸಮಾವೇಶವೇ ಮುಂದೆ ಇಂಡಿಯನ್ ಹಿಸ್ಟರಿ ಕಾಂಗ್ರೆಸ್ ಆಗಿ ಬೆಳೆಯಿತು. ಅದರಲ್ಲಿ ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂದು ವಿಭಾಗಗಳಿವೆ. ಶಾಸನಗಳಿಗೆಂದೇ ಭಾರತೀಯ ಪುರಾಭಿಲೇಖ ಪರಿಷತ್ತು 1974ರಲ್ಲಿ ಹುಟ್ಟಿತು. ಸೂರ್ಯನಾಥ ಕಾಮತರಂಥವರು ಬೆಳೆಸಿದ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನ ಊರಿಂದೂರಿಗೆ ಹೋಗುತ್ತದೆ. ಅಲ್ಲಿ ಓದಿದ ಪ್ರಬಂಧಗಳು ಇತಿಹಾಸ ದರ್ಶನ ಎಂಬ ಸಂಪುಟದಲ್ಲಿ ಬರುತ್ತವೆ. ಕನ್ನಡದಲ್ಲೇ ಪ್ರಬಂಧ ಓದಬಹುದು, ಪ್ರಾಧ್ಯಾಪಕರ ಪಕ್ಕದಲ್ಲಿ ಹೈಸ್ಕೂಲ್ ಮಾಸ್ತರರೂ ಹವ್ಯಾಸಿ ಸಂಶೋಧಕರೂ ನಿಲ್ಲಬಹುದು. ನಮ್ಮಂಥ ಊರಿನ ಮಕ್ಕಳು ಮೊದಲ ಸಲ ಮೈಕು ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹೊರದೇಶಗಳಲ್ಲೂ ಇದೇ ಬಗೆಯ ಜಾತ್ರೆಗಳಿವೆ. ಅಮೆರಿಕದ ಕಲಮಜೂ ಎಂಬ ಊರಲ್ಲಿ 1962ರಿಂದ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1994ರಿಂದ ಮಧ್ಯಯುಗದ ವಿದ್ವಾಂಸರು ಸೇರುತ್ತಾರೆ. ಅವು ದೊಡ್ಡವು, ದುಡ್ಡಿನವು. ನಮ್ಮ ಲೆಕ್ಕಕ್ಕೆ ಬರುವುದು ಇನ್ನೊಂದು, 2002ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾದ ವಗಾಂತೇಸ್. ಇದು ವಿದ್ಯಾರ್ಥಿಗಳದೇ ಸಮಾವೇಶ. ಪ್ರಬಂಧ ಓದುವವರು ಸಂಶೋಧನಾ ವಿದ್ಯಾರ್ಥಿಗಳು, ಪ್ರತಿ ವರ್ಷ ಬೇರೆ ವಿಶ್ವವಿದ್ಯಾಲಯ. ವಿದ್ಯಾರ್ಥಿಗಳ ಜೇಬು ಸಣ್ಣದು ಎಂದು ನೋಂದಣಿ ಶುಲ್ಕ ಇಟ್ಟಿಲ್ಲ. ಹೆಸರಿನ ಅರ್ಥ ಅಲೆಮಾರಿಗಳು. ಯುರೋಪಿನಲ್ಲಿ 12, 13ನೇ ಶತಮಾನದಲ್ಲಿ ಗುರುವನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದ ವಿದ್ಯಾರ್ಥಿಗಳನ್ನು ಹಾಗೆ ಕರೆಯುತ್ತಿದ್ದರು. ಸಾಲೋಟಗಿಗೆ ನಾನಾ ನಾಡಿನಿಂದ ನಡೆದು ಬಂದವರ ಹೆಸರು ಕಲ್ಲಿನ ಮೇಲೆ ಬರಲಿಲ್ಲ, ಬಂದಿದ್ದರೆ ಅವರೂ ಅದೇ ಬಳಗ.

ನಮ್ಮಲ್ಲಿ ಶುಲ್ಕದ ಕತೆ ಬೇರೆ. 2016ರ ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ವಿದ್ಯಾರ್ಥಿ ಸಮ್ಮೇಳನಗಳಲ್ಲಿ ಎರಡು ಸಲ ಪ್ರಬಂಧ ಮಂಡಿಸಬೇಕಿತ್ತು, ಒಂದು ಲೇಖನ ಪ್ರಕಟಿಸಬೇಕಿತ್ತು. ಉದ್ದೇಶ ಚಲೋ ಇತ್ತು. ನಾಲ್ಕು ಜನರ ಎದುರು ಹೇಳಿ ಪೆಟ್ಟು ತಿಂದರೆ ಬರಹ ಗಟ್ಟಿಯಾಗುತ್ತದೆ. ಆದರೆ ಎರಡು ಸರ್ಟಿಫಿಕೇಟ್ ಕಡ್ಡಾಯ ಎಂದ ಕೂಡಲೇ ಸರ್ಟಿಫಿಕೇಟ್ ಕೊಡುವ ಅಂಗಡಿಗಳೂ ತೆರೆದುಕೊಂಡವು. ಮಾತು ಕೇಳಲು ಯಾರೂ ಇಲ್ಲದ ಸೆಮಿನಾರ್, ಓದದೇ ಅಚ್ಚು ಹಾಕುವ ಸಂಪುಟ, ಗೂಗಲ್ ಮೀಟ್‌ನಲ್ಲಿ ಹೆಸರು ಕೂಗಿದರೆ ಹಾಜರಿ. 2022ರ ಹೊಸ ನಿಯಮ ಈ ಕಡ್ಡಾಯವನ್ನು ಕೈಬಿಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ ಕಡ್ಡಾಯ ಹೋದದ್ದು ಒಳ್ಳೆಯದೇ. ಈಗಲೂ ಬಸ್ ಹತ್ತಿ ಪ್ರಬಂಧ ಓದಲು ಹೋಗುವವರಿಗೆ ಹೇಳಲು ಏನೋ ಇದೆ ಎಂದು ನಂಬಬಹುದು.

ಅವರು ಹೇಳಲು ಹೊರಟದ್ದು ಹಳೆಯ ಕತೆ, ಅದರಿಂದ ಯಾರಿಗೆ ಏನಾಗಬೇಕು ಎನ್ನುವವರಿದ್ದಾರೆ. ಎಂ.ಎಂ. ಕಲಬುರ್ಗಿಯವರನ್ನು ನೆನೆಯಬೇಕು. ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಪಾಠ ಹೇಳಿ, ಶಾಸನ, ವಚನಗಳ ಮೇಲೆ ಜೀವನವಿಡೀ ದುಡಿದವರು. 12ನೇ ಶತಮಾನದ ಬಗ್ಗೆ ಮಾರ್ಗ ಸಂಪುಟದಲ್ಲಿ ಬರೆದದ್ದಕ್ಕೆ 1989ರಲ್ಲಿ ಒತ್ತಡಕ್ಕೆ ಮಣಿದು ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡು ಹಾರಿಸಿ ಕೊಂದರು. ಮಧ್ಯಯುಗ ಸತ್ತ ವಿಷಯವಾಗಿದ್ದರೆ ಇದು ಆಗುತ್ತಿರಲಿಲ್ಲ.

ಗಡಿಯಲ್ಲಿ ಇನ್ನೊಂದು ಕಾಟ ಇದೆ. ಶಿಲಾಹಾರರ ಮೇಲೆ ಯಾರಾದರೂ ಪ್ರಬಂಧ ಓದಿದರೆ ಹಾಲ್‌ನ ಹಿಂದಿನಿಂದ ಬರುವ ಪ್ರಶ್ನೆ: ಅವರು ಕನ್ನಡದವರೋ ಮರಾಠಿಯವರೋ? ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು, ಆ ತಗರ ಈಗಿನ ಮಹಾರಾಷ್ಟ್ರದ ತೇರ್. ಮನೆದೇವರು ಕೊಲ್ಲಾಪುರದ ಮಹಾಲಕ್ಷ್ಮಿ. ಕಾಗಲ ಸೀಮೆಯ ಬಾಮಣಿಯಲ್ಲಿರುವ ವಿಜಯಾದಿತ್ಯನ 1150ರ ಶಾಸನದ ಲಿಪಿ ಹಳಗನ್ನಡ, ಭಾಷೆ ಸಂಸ್ಕೃತ. ಈಗ ಹೇಳಿ, ಯಾವ ಪಾಟಿಯಲ್ಲಿ ಹಾಕುತ್ತೀರಿ? ಮನೆಯಲ್ಲಿ ಕನ್ನಡ, ಇಚಲಕರಂಜಿ ಸಂತೆಯಲ್ಲಿ ಮರಾಠಿ ಮಾತಾಡುವ ಬೋರಗಾಂವದವರಿಗೆ ಈ ಶಾಸನ ಅರ್ಥವಾದಷ್ಟು ಸುಲಭವಾಗಿ ಬೆಂಗಳೂರಿಗೂ ಮುಂಬಯಿಗೂ ಅರ್ಥವಾಗುವುದಿಲ್ಲ. ಶಿವಾಜಿ ವಿಶ್ವವಿದ್ಯಾಲಯ ಕೊಲ್ಲಾಪುರದಲ್ಲಿದೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿದೆ. ನಿಪ್ಪಾಣಿ ಎರಡರ ನಡುವೆ ಹೆದ್ದಾರಿಯ ಮೇಲೇ ಇದೆ. ಎರಡೂ ಕಡೆಯ ವಿದ್ಯಾರ್ಥಿಗಳು ಒಂದು ದಿನ ಇಲ್ಲಿ ಕೂತು ಎರಡೂ ಭಾಷೆಯಲ್ಲಿ ಶಿಲಾಹಾರ, ರಟ್ಟರ ಪ್ರಬಂಧ ಓದಲು ಹಾಲ್ ಕೂಡ ಬೇಡ, ಮಂಗಲ ಕಾರ್ಯಾಲಯ ಸಾಕು. ಮದುವೆ ಇಲ್ಲದ ತಿಂಗಳಲ್ಲಿ ಅವು ಖಾಲಿ ಬಿದ್ದಿರುತ್ತವೆ.

ಅದಕ್ಕಿಂತ ಸಣ್ಣದೂ ಸಾಧ್ಯ. ಸಂಶೋಧನೆಯ ಹುಡುಗ ಊರಿಗೆ ಬಂದು ಕಲ್ಲಿನ ಅಚ್ಚು ತೆಗೆಯುವುದನ್ನು ನೀವು ನೋಡಿರಬಹುದು. ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ತಿಕ್ಕುತ್ತಾನೆ, ಒದ್ದೆ ಕಾಗದ ಅಂಟಿಸುತ್ತಾನೆ, ಇನ್ನೊಂದು ಬ್ರಷ್‌ನಿಂದ ಬಡಿದು ಕಾಗದವನ್ನು ಅಕ್ಷರದ ಗುಳಿಯೊಳಗೆ ಇಳಿಸುತ್ತಾನೆ, ಮೇಲೆ ಬಟ್ಟೆಯ ಗಂಟಿನಿಂದ ಮಸಿ ಒತ್ತುತ್ತಾನೆ. ಕಾಗದ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಸುತ್ತಿಕೊಂಡು ಹೋಗುತ್ತಾನೆ. ಊರಿನವರು ನೀರು ತಂದುಕೊಟ್ಟಿರುತ್ತಾರೆ, ಚಹಾ ಕೊಟ್ಟಿರುತ್ತಾರೆ, ಊಟಕ್ಕೂ ಕರೆದಿರುತ್ತಾರೆ. ಸಾಲೋಟಗಿಯ ಐದು ನಾಣ್ಯ ಅದೇ ತಾನೇ? ಹಾಗಾದರೆ ಹೋಗುವ ಮೊದಲು ಅವನ ನಂಬರು ತೆಗೆದುಕೊಳ್ಳಿ. ಪ್ರಬಂಧ ಓದಿ ಬಂದ ಮೇಲೆ ಒಂದು ಸಂಜೆ ಅದೇ ಗುಡಿಯ ಕಟ್ಟೆಯ ಮೇಲೆ ಓದಿ ಹೇಳು ತಮ್ಮಾ ಅನ್ನಿ. ಗಂಟೆ ಬಾರಿಸುವ ಅಧ್ಯಕ್ಷರಿಲ್ಲದ ಕಾರಣ ಹತ್ತು ನಿಮಿಷದ ಮಿತಿ ಇರುವುದಿಲ್ಲ. ಹಳ್ಳದ ಹೆಸರು ಬಂದಾಗ ಅಜ್ಜ ನಡುವೆ ಬಾಯಿ ಹಾಕುತ್ತಾನೆ, ಹಾಕಲಿ.

ಇಷ್ಟರಲ್ಲಿ ಕಲ್ಲೇ ಉಳಿಯದೆ ಹೋದರೆ ಈ ಮಾತೆಲ್ಲ ದಂಡ. ಗುಡಿಯ ಜೀರ್ಣೋದ್ಧಾರ ಎಂದರೆ ನಮ್ಮಲ್ಲಿ ಹಳೆಯದನ್ನು ಕೆಡವಿ ಸಿಮೆಂಟು ಹಾಕಿ ಎನಾಮಲ್ ಪೇಂಟ್ ಬಳಿಯುವುದು. ಪೇಂಟ್ ಅಕ್ಷರದ ಗುಳಿ ತುಂಬಿದರೆ ಅಚ್ಚು ಬರುವುದಿಲ್ಲ. ಎಣ್ಣೆ, ಕುಂಕುಮ, ಸುಣ್ಣ ವರ್ಷಗಟ್ಟಲೆ ಮೆತ್ತಿದರೂ ಹಾಗೇ. ಹೊಲದ ಬದುವಿನಲ್ಲಿ ಬಿದ್ದ ಕಲ್ಲನ್ನು ಜೆಸಿಬಿ ಎತ್ತಿ ಒಡ್ಡಿಗೆ ಹಾಕುತ್ತದೆ. ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗವೋ ಜಿನಬಿಂಬವೋ, ಪಕ್ಕಕ್ಕೆ ಹಸು ಕರು, ಕೆಳಗೆ ಸಾಲು ಸಾಲು ಗೀರು ಕಂಡರೆ ಅದು ದಾನಶಾಸನ ಇದ್ದೀತು. ಅದನ್ನು ಎತ್ತಬೇಡಿ, ತಿಕ್ಕಬೇಡಿ, ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿ. ತಿದ್ದಿದರೆ ನಿಮ್ಮ ಊಹೆಯೇ ಫೋಟೊದಲ್ಲಿ ಬರುತ್ತದೆ.

ಫೋಟೊ ತೆಗೆಯಿರಿ. ನಡು ಮಧ್ಯಾಹ್ನ ಬೇಡ, ಅಕ್ಷರ ಕಾಣುವುದಿಲ್ಲ. ಬೆಳಗ್ಗೆ ಏಳೆಂಟು ಗಂಟೆಗೆ ಅಥವಾ ಸಂಜೆ ಐದರ ಮೇಲೆ, ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದಾಗ ಒಂದೊಂದು ಗುಳಿಯಲ್ಲೂ ನೆರಳು ನಿಲ್ಲುತ್ತದೆ. ಗುಡಿಯೊಳಗೆ ಕತ್ತಲಿದ್ದರೆ ಮೊಬೈಲಿನ ಫ್ಲ್ಯಾಶ್ ಬಂದ್ ಮಾಡಿ, ಇನ್ನೊಬ್ಬರು ಬ್ಯಾಟರಿಯನ್ನು ಕಲ್ಲಿನ ಒಂದು ಬದಿಯಿಂದ ಅಡ್ಡ ಹಿಡಿಯಲಿ. ಮೊದಲು ಇಡೀ ಕಲ್ಲು, ಆಮೇಲೆ ಮೇಲಿನಿಂದ ಕೆಳಕ್ಕೆ ಐದೈದು ಸಾಲು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಪಟ್ಟಿ ಇಡಿ. ಯಾವ ಊರು, ಯಾರ ಹೊಲ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆ ಎಂದು ಅದೇ ದಿನ ಬರೆದಿಡಿ. ನಿಮ್ಮ ಊರಿನಿಂದ ಯಾರಾದರೂ ಇತಿಹಾಸ ಎಂ.ಎ. ಓದುತ್ತಿದ್ದರೆ ಮೊದಲು ಅವರಿಗೆ ಕಳಿಸಿ.